ಸಿಯೋಲ್‌ನಲ್ಲಿ ಎರಡು ದಿನ, ಎರಡು ಬಾಡಿಗೆ ಹಾನ್‌ಬೊಕ್

ಸಿಯೋಲ್‌ನ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯ ಸುತ್ತಮುತ್ತ ಹಾನ್‌ಬೊಕ್, ಅಂದರೆ ಕೊರಿಯಾದ ಸಾಂಪ್ರದಾಯಿಕ ಉಡುಪು, ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಲೆಕ್ಕವೇ ಇಲ್ಲ. ಮೆಟ್ರೋ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸಾಕು, ಆ ಕಡೆ ಒಂದು, ಈ ಕಡೆ ಒಂದು. ನಾನು, ನನ್ನ ತಂಗಿ ನವೆಂಬರ್ ಮೊದಲ ವಾರ ಅಲ್ಲಿದ್ದೆವು. ಮೊದಲ ದಿನ ಒಂದು ಅಂಗಡಿಯಿಂದ ತೆಗೆದುಕೊಂಡೆವು, ಮೂರನೇ ದಿನ ಇನ್ನೊಂದರಿಂದ. ಎರಡೂ ಕಡೆ ಬೋರ್ಡಿನ ಮೇಲೆ ಹಾನ್‌ಬೊಕ್ ಅಂತಲೇ ಬರೆದಿತ್ತು. ಆದರೆ ಮೊದಲನೆಯದನ್ನು ಯಾವಾಗ ಬಿಚ್ಚುತ್ತೇವೋ ಅನ್ನಿಸಿತು, ಎರಡನೆಯದನ್ನು ಬಿಚ್ಚೋಕೆ ಮನಸ್ಸೇ ಬರಲಿಲ್ಲ. ಯಾಕೆ ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ. ಅಂಗಡಿಗಳ ಹೆಸರು ಹೇಳುವುದಿಲ್ಲ, ಏನು ನೋಡಿ ಆರಿಸಬೇಕು ಅನ್ನುವುದು ಗೊತ್ತಾದರೆ ಹೆಸರು ಬೇಕಾಗುವುದೂ ಇಲ್ಲ.

ಮೊದಲು ಬಟ್ಟೆಯ ಬಗ್ಗೆ ನಾಲ್ಕು ಮಾತು. ಹೆಂಗಸರ ಹಾನ್‌ಬೊಕ್‌ನಲ್ಲಿ ಮುಖ್ಯವಾಗಿ ಎರಡು ಭಾಗ. ಮೇಲೆ ಜೊಗೊರಿ, ಅಂದರೆ ಉದ್ದ ತೋಳಿನ ಮೋಟು ಅಂಗಿ. ಕೆಳಗೆ ಚಿಮಾ, ಎದೆಯ ಮೇಲೆ ಪಟ್ಟಿ ಬಿಗಿದು ಸುತ್ತಿಕೊಳ್ಳುವ ದೊಡ್ಡ ಲಂಗ. ಜೊಗೊರಿಯ ಎಡ ಭಾಗ ಬಲ ಭಾಗದ ಮೇಲೆ ಬಂದು, ಎದೆಯ ಹತ್ತಿರ ಎರಡು ಉದ್ದ ಲಾಡಿಗಳಿಂದ ಕಟ್ಟಿಕೊಳ್ಳುತ್ತದೆ. ಆ ಲಾಡಿಗೆ ಗೊರುಮ್ ಅಂತಾರೆ. ಕುತ್ತಿಗೆಯ ಅಂಚಿಗೆ ಒಂದು ಬಿಳಿ ಪಟ್ಟಿ ಇರುತ್ತದೆ, ಅದು ದೊಂಗ್‌ಜೊಂಗ್. ಕೊಳೆಯಾದರೆ ಅದೊಂದನ್ನೇ ಬಿಚ್ಚಿ ಬೇರೆ ಹೊಲಿಯುತ್ತಿದ್ದರು, ಇಡೀ ಅಂಗಿ ಒಗೆಯುವ ಕೆಲಸ ಇಲ್ಲ. ಎಷ್ಟು ಜಾಣ ಉಪಾಯ ಅಲ್ವಾ?

ಈಗ ಮೊದಲ ಅಂಗಡಿ. ಬೆಳಿಗ್ಗೆ ಒಂಬತ್ತೂವರೆಗೇ ಜನ ತುಂಬಿದ್ದರು. ಉದ್ದಕ್ಕೂ ರ‍್ಯಾಕುಗಳು, ಎಲ್ಲ ಕಡೆ ಲೇಸು, ಜರಿ, ಚಿನ್ನದ ಬಣ್ಣದ ಅಚ್ಚು. ಎರಡು ಗಂಟೆಗೆ ಒಬ್ಬೊಬ್ಬರಿಗೆ 15,000 ವೊನ್ ಕೊಟ್ಟೆವು. ಹತ್ತು ನಿಮಿಷದಲ್ಲಿ ಆರಿಸಿ ಅಂದರು, ಆರಿಸಿದೆವು. ಆಮೇಲೆ ಹುಡುಗಿಯೊಬ್ಬಳು ಬಂದು ತಂತಿಯ ಬಳೆ ಹಾಕಿದ ಒಳಲಂಗವೊಂದನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಲಂಗ ಇಳಿಸಿ, ಬೆನ್ನ ಹಿಂದೆ ಒಂದು ದೊಡ್ಡ ರಿಬ್ಬನ್ ಗಂಟು ಹಾಕಿ ಕಳಿಸಿಬಿಟ್ಟಳು. ಎದೆಯ ಮೇಲಿನ ಗೊರುಮ್ ಮೊದಲೇ ಕಟ್ಟಿ ಹೊಲಿದದ್ದು, ಒಳಗೆ ಟಿಚ್ ಬಟನ್. ಟಕ್ ಅಂತ ಒತ್ತಿದರೆ ಮುಗಿಯಿತು.

ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು, ಸುಳ್ಳು ಹೇಳಲ್ಲ. ತೊಂದರೆ ಶುರುವಾಗಿದ್ದು ನಡೆಯೋಕೆ ಹೋದಾಗ. ಸಿಂಹಾಸನದ ಮಂಟಪ ಗೆಂಜೊಂಗ್‌ಜೊನ್ ಮುಂದಿನ ಅಂಗಳಕ್ಕೆ ಒರಟು ಕಲ್ಲು ಹಾಸಿದ್ದಾರೆ, ನುಣುಪಾದ ಕಲ್ಲಲ್ಲ, ಏರು ತಗ್ಗು ಇದೆ. ಅಲ್ಲಿ ಹೆಜ್ಜೆ ಎಲ್ಲಿ ಇಡುತ್ತಿದ್ದೇನೆ ಅಂತಲೇ ಕಾಣುವುದಿಲ್ಲ, ಲಂಗ ಗಂಟೆಯ ಹಾಗೆ ಆ ಕಡೆ ಈ ಕಡೆ ತೂಗುತ್ತದೆ. ಮೆಟ್ಟಿಲು ಹತ್ತುವಾಗ ಬಳೆ ಮೊಣಕಾಲಿಗೆ ಬಡಿಯಿತು. ಕೊಳದ ಪಕ್ಕ ಸ್ವಲ್ಪ ಕೂರೋಣ ಅಂದರೆ ಮುಂದಿನ ಬಳೆ ಮೇಲಕ್ಕೆ ಎದ್ದು ನಿಂತಿತು. "ಅಕ್ಕಾ, ಕೂತ್ಕೊಳ್ಳೋಕೇ ಆಗ್ತಿಲ್ಲ, ನಿಂತೇ ಇರ್ತೀನಿ ಬಿಡು" ಅಂದಳು ತಂಗಿ. ನಿಂತೇ ಇದ್ದೆವು. ಅವಳ ಬಳೆಯ ತಂತಿಯ ತುದಿ ಹೊಲಿಗೆಯಿಂದ ಹೊರಗೆ ಬಂದು ಕಾಲುಚೀಲ ಹರಿಯಿತು. ವಾಪಸ್ ಕೊಡುವಾಗ ತೋರಿಸಿದರೆ, ತಂತಿ ಬಗ್ಗಿಸಿದ್ದು ನೀವೇ ಅಂತ 5,000 ವೊನ್ ಕೇಳಿದರು. ವಾದ ಮಾಡೋಕೆ ಭಾಷೆ ಬರಲ್ಲ, ಕೊಟ್ಟು ಬಂದೆವು. ಅದಕ್ಕೇ ಹೇಳುತ್ತೇನೆ, ಬಟ್ಟೆ ತೆಗೆದುಕೊಳ್ಳುವಾಗಲೇ ಅಂಚು, ಹೊಲಿಗೆ, ಕಲೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ.

ಆದರೆ ನನ್ನ ಬೇಸರ 5,000 ವೊನ್‌ಗಲ್ಲ. ಆ ಬಳೆ, ಬೆನ್ನಿನ ರಿಬ್ಬನ್ ಎರಡೂ ಹಾನ್‌ಬೊಕ್‌ನದೇ ಅಲ್ಲ. ಇದು ನಾನೊಬ್ಬಳು ಹೇಳುತ್ತಿರುವ ಮಾತೂ ಅಲ್ಲ. ಹಾನ್‌ಬೊಕ್ ಹಾಕಿದವರಿಗೆ ಈ ಅರಮನೆಗೆ ಪುಕ್ಕಟೆ ಪ್ರವೇಶ, ಇಲ್ಲದಿದ್ದರೆ ಟಿಕೆಟ್ 3,000 ವೊನ್. 2018ರಲ್ಲಿ ಅರಮನೆ ಇರುವ ಜೊಂಗ್ನೊ ಜಿಲ್ಲೆಯ ಕಚೇರಿಯವರು, ಇಂಥ ರೂಪ ಕೆಟ್ಟ ಬಟ್ಟೆಗೆ ಪುಕ್ಕಟೆ ಪ್ರವೇಶ ಕೊಡಬಾರದು ಅಂತ ಸಲಹೆ ಮಾಡಿದ್ದರು. 2024ರಲ್ಲಿ ಪರಂಪರೆ ಇಲಾಖೆಯ ಮುಖ್ಯಸ್ಥರೂ ಅರಮನೆ ಸುತ್ತಲಿನ ಬಾಡಿಗೆ ಹಾನ್‌ಬೊಕ್‌ಗಳು ಸರಿಯಾಗಬೇಕು ಅಂದರು. ಇಂಥ ಬಟ್ಟೆ ಇದ್ದರೂ ಊರಿಗೆ ಜನ ಬರುತ್ತಾರೆ, ಬಟ್ಟೆಯ ಹೆಸರು ಉಳಿಯುತ್ತದೆ ಅನ್ನುವವರೂ ಇದ್ದಾರೆ. ಅವರ ಮಾತು ನನಗೆ ಅರ್ಥವಾಗುತ್ತದೆ. ಆದರೂ ಮೂರನೇ ದಿನದ ಬಟ್ಟೆ ಹಾಕಿದ ಮೇಲೆ ನಾನು ಒಪ್ಪಲಾರೆ.

ಎರಡನೇ ಅಂಗಡಿ ಆನ್‌ಗುಕ್ ಸ್ಟೇಷನ್ ಕಡೆ, ಒಂದು ಹಳೇ ಕಟ್ಟಡದ ಎರಡನೇ ಮಹಡಿ. ಹಿಂದಿನ ದಿನವೇ ಬುಕ್ ಮಾಡಬೇಕಾಯಿತು. ನಾಲ್ಕು ಗಂಟೆಗೆ 35,000 ವೊನ್, ಮೊದಲನೆಯದಕ್ಕಿಂತ ದುಬಾರಿ ನಿಜ. ಅರವತ್ತು ದಾಟಿದ ಒಬ್ಬ ಅಮ್ಮ ನಡೆಸುತ್ತಾರೆ. ಇಂಗ್ಲಿಷ್ ಇಲ್ಲ. ಫೋನಿನಲ್ಲಿ ಅನುವಾದ ಮಾಡಿಕೊಂಡು ಮಾತಾಡಿದೆವು. ನಾನು ಕೈಯಲ್ಲಿ ಬಳೆಯ ಆಕಾರ ಮಾಡಿ ತೋರಿಸಿ "ಬೇಡ" ಅಂದೆ. ಅವರ ಮುಖ ಅರಳಿದ್ದು ನೋಡಬೇಕಿತ್ತು.

ಅವರು ಮೊದಲು ಸೊಕ್‌ಚಿಮಾ, ಅಂದರೆ ಬಟ್ಟೆಯ ಒಳಲಂಗ ಉಡಿಸಿದರು. ಗಂಜಿ ಹಾಕಿದ ಹಾಗೆ ಸ್ವಲ್ಪ ಗಟ್ಟಿ, ಕೈಯಲ್ಲಿ ಹಿಸುಕಿದರೆ ಸರಸರ ಸದ್ದು. ಜೋಸನ್ ಕಾಲದಲ್ಲಿ, ಅಂದರೆ ಹಿಂದೆ ಕೊರಿಯಾ ಆಳಿದ ಜೋಸನ್ ರಾಜವಂಶದ ಕಾಲದಲ್ಲಿ, ಲಂಗಕ್ಕೆ ತುಂಬು ಬರುತ್ತಿದ್ದದ್ದು ಹೀಗೇ, ಒಂದರ ಮೇಲೊಂದು ಬಟ್ಟೆಯಿಂದ. ದೊಡ್ಡ ಮನೆತನದ ಹೆಂಗಸರು ಮುಜಿಗಿ ಚಿಮಾ ಅಂತ ಒಂದು ಒಳಲಂಗ ಉಡುತ್ತಿದ್ದರು. ಬೇರೆ ಬೇರೆ ಉದ್ದದ ಮೂರು, ಐದು, ಏಳು ಸುತ್ತುಗಳನ್ನು ಒಂದೇ ಪಟ್ಟಿಗೆ ಹೊಲಿದದ್ದು, ಒಂದೊಂದು ಸುತ್ತಿಗೆ ಒಂದೊಂದು ಬಣ್ಣ. ತಂತಿ ಎಲ್ಲೂ ಇಲ್ಲ. ಅದಕ್ಕೇ ಲಂಗ ಉಬ್ಬಿಕೊಂಡಿದ್ದರೂ ಮೈ ಬಗ್ಗಿದ ಕಡೆ ಬಗ್ಗುತ್ತಿತ್ತು.

ಆಮೇಲೆ ಚಿಮಾ. ಕಡುನೀಲಿ, ಒಂದೇ ಬಣ್ಣ, ಯಾವ ಅಚ್ಚೂ ಇಲ್ಲ. ಎದೆಯ ಪಟ್ಟಿಯನ್ನು ಹಿಂದಕ್ಕೆ ಸುತ್ತಿ, ಮತ್ತೆ ಮುಂದಕ್ಕೆ ತಂದು, ಉಸಿರು ಒಳಗೆ ಎಳೆದುಕೊಳ್ಳಿ ಅಂತ ಸನ್ನೆ ಮಾಡಿ ಬಿಗಿದರು. ನೆರಿಗೆಗಳನ್ನು ಬೆರಳಿನಲ್ಲಿ ಒಂದೊಂದಾಗಿ ನೀವಿ ಸರಿ ಮಾಡಿದರು. ಸೀರೆ ಉಟ್ಟು ಗೊತ್ತಿರುವವರಿಗೆ ಆ ಕೈಯ ಕೆಲಸ ನೋಡಿದ ತಕ್ಷಣ ಅರ್ಥವಾಗುತ್ತದೆ. ಮೇಲೆ ತಿಳಿ ಗುಲಾಬಿ ಜೊಗೊರಿ, ತೋಳಿನ ತುದಿಯಲ್ಲಿ ಬೇರೆ ಬಣ್ಣದ ಪಟ್ಟಿ. ದೊಂಗ್‌ಜೊಂಗ್‌ನ ಎರಡು ತುದಿಗಳು ಕುತ್ತಿಗೆಯ ಕೆಳಗೆ ಸರಿಸಮ ಕೂರುವವರೆಗೆ ಅವರು ಬಿಡಲಿಲ್ಲ, ನಾಲ್ಕು ಸಲ ಎಳೆದು ನೋಡಿದರು.

ಗೊರುಮ್ ಕಟ್ಟುವುದನ್ನು ಮಾತ್ರ ನನ್ನ ಕೈಯಲ್ಲೇ ಮಾಡಿಸಿದರು. ಒಂದು ಲಾಡಿ ಉದ್ದ, ಒಂದು ಗಿಡ್ಡ. ಗಿಡ್ಡದ್ದನ್ನು ಉದ್ದದ್ದರ ಮೇಲೆ ಅಡ್ಡ ಹಾಕಿ, ಕೆಳಗಿಂದ ತೂರಿಸಿ ಮೇಲಕ್ಕೆ ಎಳೆಯಬೇಕು. ಆಮೇಲೆ ಗಿಡ್ಡದ್ದರಲ್ಲಿ ಒಂದು ಸುತ್ತು ಮಾಡಿ, ಉದ್ದದ್ದನ್ನು ಮಡಚಿ ಆ ಸುತ್ತಿನೊಳಗೆ ನುಗ್ಗಿಸಬೇಕು. ಒಂದೇ ಕಿವಿಯ ಗಂಟು ಬರುತ್ತದೆ, ಎರಡು ಬಾಲಗಳು ಲಂಗದ ಮೇಲೆ ಇಳಿಬೀಳುತ್ತವೆ. ನಾನು ಎರಡು ಸಲ ಚಿಟ್ಟೆ ಗಂಟು ಹಾಕಿದೆ, ಎರಡು ಸಲವೂ ತಲೆ ಅಲ್ಲಾಡಿಸಿ ಬಿಚ್ಚಿದರು. ಮೂರನೇ ಸಲ ಸರಿ ಬಂತು. ಲಾಡಿ ತಿರುಚಿಕೊಳ್ಳಬಾರದು, ಕಿವಿ ಅಡ್ಡಕ್ಕೆ ಮಲಗಬೇಕು, ಗಂಟು ಗಟ್ಟಿಯೂ ಆಗಬಾರದು. ಇಡೀ ಉಡುಪಿನ ಅಂದ ಆ ಒಂದು ಗಂಟಿನಲ್ಲಿದೆ ಅಂತ ನನಗನ್ನಿಸಿತು. ಅದನ್ನು ಟಿಚ್ ಬಟನ್‌ನಲ್ಲಿ ಮುಗಿಸುವುದು ದೊಡ್ಡ ನಷ್ಟ.

ಅದೇ ಅರಮನೆ, ಅದೇ ಒರಟು ಕಲ್ಲಿನ ಅಂಗಳ. ಈ ಸಲ ಎಡಗೈಯಲ್ಲಿ ಲಂಗದ ಅಂಚನ್ನು ಸ್ವಲ್ಪ ಎತ್ತಿ ಹಿಡಿದು ನಡೆದೆ, ಅವರೇ ಹೇಳಿಕೊಟ್ಟಿದ್ದರು. ನಡೆದಾಗ ಗಾಳಿ ಒಳಗೆ ಹೋಗಿ ಲಂಗ ತಾನಾಗೇ ತುಂಬಿಕೊಳ್ಳುತ್ತದೆ, ನಿಂತಾಗ ಮೆಲ್ಲಗೆ ಇಳಿಯುತ್ತದೆ. ಹಳದಿ ಗಿಂಕೋ ಎಲೆ ಬಿದ್ದಿದ್ದ ಕಡೆ ನೆಲಕ್ಕೇ ಕೂತೆವು. ಲಂಗ ಸುತ್ತ ಹರಡಿಕೊಂಡು ಕೂತಿತು. ಮೊದಲ ದಿನ ನಿಂತೇ ಇದ್ದ ತಂಗಿ ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ. ನೆಲದ ಮೇಲೆ ಕೂರುವ ಜನ ಮಾಡಿಕೊಂಡ ಬಟ್ಟೆ ಇದು. ಕೂತಾಗಲೂ ಚೆನ್ನಾಗಿ ಕಾಣಬೇಕು ಅಂತ ಯೋಚಿಸಿಯೇ ಹೊಲಿದಿದ್ದಾರೆ.

ಎರಡನೇ ಅಂಗಡಿಯಲ್ಲಿ ತಪ್ಪೇ ಇಲ್ಲ ಅಂತಲ್ಲ. ಅಳತೆಗಳು ಕಡಿಮೆ. ನನ್ನ ತೋಳಿಗೆ ಜೊಗೊರಿ ಬಿಗಿಯಾಗಿತ್ತು, ಕೈ ಮೇಲೆ ಎತ್ತಿದರೆ ಕಂಕುಳಲ್ಲಿ ಎಳೆಯುತ್ತಿತ್ತು. ಬಟ್ಟೆ ಪೂರ್ತಿ ರೇಷ್ಮೆ ಅಲ್ಲ, ಪಾಲಿಯೆಸ್ಟರ್ ಜಾಸ್ತಿ. ಬಾಡಿಗೆಗೆ ಓಡಾಡುವ ಬಟ್ಟೆಗೆ ಅದು ಇರಲಿ ಅಂತ ನಾನು ಒಪ್ಪುತ್ತೇನೆ. ಶೂ ಮಾತ್ರ ಕಷ್ಟ, ಅಟ್ಟೆ ತೀರಾ ತೆಳು. ಚಪ್ಪಟೆ ತಳದ ನಿಮ್ಮದೇ ಚಪ್ಪಲಿ ಹಾಕಿಕೊಂಡು ಹೋಗಿ, ಲಂಗದ ಕೆಳಗೆ ಯಾರಿಗೂ ಕಾಣುವುದಿಲ್ಲ. ಒಳಗೆ ಕಾಲರ್ ಇಲ್ಲದ ತೆಳ್ಳಗಿನ ಅಂಗಿ ಇರಲಿ, ಇಲ್ಲದಿದ್ದರೆ ದೊಂಗ್‌ಜೊಂಗ್ ಸರಿಯಾಗಿ ಕೂರುವುದಿಲ್ಲ. ನವೆಂಬರ್‌ನಲ್ಲಿ ಚಳಿ ಇರುತ್ತದೆ, ಒಳಗೆ ಥರ್ಮಲ್ ಬೇಕೇ ಬೇಕು.

ಕೂದಲಿಗೆ ಉದ್ದ ಜಡೆ ಹೆಣೆದು ಕೆಂಪು ರಿಬ್ಬನ್ ಕಟ್ಟಿದರು, ಅದಕ್ಕೆ ಬೇರೆ ಹಣ ಇಲ್ಲ. ಮೊದಲ ಅಂಗಡಿಯಲ್ಲಿ ದೊಡ್ಡ ಚೌರಿಯೂ ಇತ್ತು, ಬಾಡಿಗೆ ಬೇರೆ. ಜೋಸನ್ ಕಾಲದಲ್ಲಿ ಇಂಥ ಚೌರಿ ಎಷ್ಟು ಭಾರ, ಎಷ್ಟು ದುಬಾರಿ ಆಗಿಹೋಗಿತ್ತು ಅಂದರೆ, 1756ರಲ್ಲಿ ರಾಜ ಯೊಂಗ್‌ಜೊ ಅದನ್ನೇ ನಿಷೇಧಿಸಿ, ಬದಲಿಗೆ ಜೊಕ್ತುರಿ ಅನ್ನುವ ಚಿಕ್ಕ ಟೋಪಿ ಇಟ್ಟುಕೊಳ್ಳಿ ಅಂದ. ನೊರಿಗೆಗೆ ಮಾತ್ರ ಎರಡನೇ ಅಂಗಡಿಯಲ್ಲೂ 3,000 ವೊನ್ ಜಾಸ್ತಿ ಕೊಟ್ಟೆ, ಕೊಟ್ಟದ್ದು ಸಾರ್ಥಕ. ರೇಷ್ಮೆ ಹುರಿಯನ್ನು ಗಂಟು ಗಂಟಾಗಿ ಹೆಣೆದು, ಕೆಳಗೆ ಉದ್ದ ಕುಚ್ಚು ಬಿಟ್ಟ ಒಡವೆ ಅದು. ಗೊರುಮ್‌ಗೆ ಸಿಕ್ಕಿಸಿದರೆ ಒಂದೇ ಬಣ್ಣದ ಲಂಗದ ಮೇಲೆ ಎದ್ದು ಕಾಣುತ್ತದೆ. ಲಂಗದ ತುಂಬಾ ಜರಿ ಇದ್ದರೆ ನೊರಿಗೆ ಕಣ್ಣಿಗೇ ಬೀಳುವುದಿಲ್ಲ, ಅದಕ್ಕೂ ಸಾದಾ ಲಂಗವೇ ಒಳ್ಳೆಯದು.

ಗಂಡಸರ ಬಟ್ಟೆ ನಾವು ಹಾಕಲಿಲ್ಲ, ಹಾಗಾಗಿ ಜಾಸ್ತಿ ಹೇಳಲ್ಲ. ಟೋಪಿ ಬೇಕಾದರೆ ಗಾತ್ ಕೇಳಿ, ಅಗಲ ಅಂಚಿನ ಕಪ್ಪು ಟೋಪಿ. ನಿಜವಾದ ಗಾತ್ ಅನ್ನು ಕುದುರೆ ಕೂದಲು ಮತ್ತು ಸಣ್ಣಗೆ ಸೀಳಿದ ಬಿದಿರಿನಿಂದ ಹೆಣೆಯುತ್ತಾರೆ, ಬಾಡಿಗೆಯದು ಬರೀ ನೈಲಾನ್. ಹೆಂಗಸರು ಗಂಡಸರ ಹಾನ್‌ಬೊಕ್ ಹಾಕಿದರೂ ಪುಕ್ಕಟೆ ಪ್ರವೇಶ ಇದೆ. ಮೊದಲು ಹೆಂಗಸರಿಗೆ ಲಂಗ, ಗಂಡಸರಿಗೆ ಪ್ಯಾಂಟು ಅಂತ ನಿಯಮ ಇತ್ತು, 2019ರಲ್ಲಿ ತೆಗೆದುಹಾಕಿದರು. ಆದರೆ ಮೇಲಿನದು, ಕೆಳಗಿನದು ಎರಡೂ ಇರಬೇಕು. ಬರೀ ಜೊಗೊರಿ ಹಾಕಿ ಕೆಳಗೆ ಜೀನ್ಸ್ ಹಾಕಿದರೆ ಟಿಕೆಟ್ ತೆಗೆದುಕೊಳ್ಳಬೇಕಾಗುತ್ತದೆ. ಮಂಗಳವಾರ ಅರಮನೆಗೆ ರಜಾ, ಬುಕ್ ಮಾಡುವಾಗ ನೆನಪಿಡಿ.

ಅಂಕ ಕೊಡಬೇಕಾದರೆ ಮೊದಲ ಅಂಗಡಿಗೆ 5ಕ್ಕೆ 2, ಅದೂ ಬೇಗ ಕೆಲಸ ಮುಗಿಸಿದ್ದಕ್ಕೆ. ಎರಡನೆಯದಕ್ಕೆ ನಾಲ್ಕೂವರೆ. ನೀವು ಯಾವ ಅಂಗಡಿಗೆ ಹೋದರೂ ಮೂರು ವಿಷಯ ಕೇಳಿ: ಒಳಲಂಗದಲ್ಲಿ ತಂತಿ ಇದೆಯಾ, ಗೊರುಮ್ ಕೈಯಲ್ಲಿ ಕಟ್ಟುವುದಾ, ಬೆನ್ನ ಹಿಂದೆ ರಿಬ್ಬನ್ ಇದೆಯಾ. ಚೊಂತೊಂಗ್ ಹಾನ್‌ಬೊಕ್ ಅಂದರೆ ಸಾಂಪ್ರದಾಯಿಕ ಹಾನ್‌ಬೊಕ್ ಅಂತ, ಆ ಪದ ಹೇಳಿದರೆ ಬೇರೆ ರ‍್ಯಾಕ್ ತೋರಿಸುತ್ತಾರೆ.

ವಾಪಸ್ ಕೊಡೋಕೆ ಹೋದಾಗ ಸಂಜೆ ನಾಲ್ಕೂವರೆ. ನಾನು ಕಟ್ಟಿದ ಗಂಟು ಅಷ್ಟು ಹೊತ್ತು ಅಲುಗದೆ ನಿಂತಿತ್ತು. ಆ ಅಮ್ಮ ಹತ್ತಿರ ಬಂದು ನೋಡಿ, ಬೆರಳಿನಿಂದ ಕಿವಿಯನ್ನು ಒಮ್ಮೆ ಸವರಿ, ಉದ್ದದ ಬಾಲ ಹಿಡಿದು ಎಳೆದರು. ಒಂದೇ ಎಳೆತಕ್ಕೆ ಎಲ್ಲ ಜಾರಿ ಬಿಚ್ಚಿಕೊಂಡಿತು.