ಅದೇ ಸಗಣಿ, ನಾಲ್ಕು ಪಟ್ಟೆ: ಸಾರಜನಕ ಬೆಳೆಗೆ ಸಿಕ್ಕಿದ್ದು ಯಾವುದರಲ್ಲಿ?

ಗೊಬ್ಬರ ಹರಡಿದ ದಿನ ಹೊಲದಲ್ಲಿ ಒಂದು ಘಾಟು ಏಳುತ್ತದಲ್ಲ, ಅದನ್ನು ನಾನು ತುಂಬಾ ವರ್ಷ ಒಳ್ಳೆ ಗೊಬ್ಬರದ ಗುರುತು ಅಂದುಕೊಂಡಿದ್ದೆ. ಈಗ ಆ ವಾಸನೆ ಬಂದರೆ ಹೊಟ್ಟೆ ಉರಿಯುತ್ತದೆ. ಅದು ಅಮೋನಿಯಾ. ಬೆಳೆಗೆ ಸೇರಬೇಕಾದ ಸಾರಜನಕ ಗಾಳಿ ಪಾಲಾಗುತ್ತಿದೆ ಅಂತ ಅರ್ಥ.

ಎರಡು ಹಂಗಾಮು ಒಂದೇ ಹೊಲದಲ್ಲಿ ಮೆಕ್ಕೆಜೋಳ ಹಾಕಿ ನಾಲ್ಕು ವಿಧಾನ ಪಕ್ಕಪಕ್ಕದಲ್ಲೇ ನೋಡಿದೆ. ತಿಪ್ಪೆಗೊಬ್ಬರ ಹರಡಿ ಹಾಗೇ ಬಿಡುವುದು, ಹರಡಿ ಕೂಡಲೇ ಮಣ್ಣಿಗೆ ಸೇರಿಸುವುದು, ಕಾಂಪೋಸ್ಟ್ ಮಾಡಿ ಹಾಕುವುದು, ಸಗಣಿ-ಗಂಜಲದ ಸ್ಲರಿಯನ್ನು ಸಾಲಿಗೆ ಸುರಿದು ಮುಚ್ಚುವುದು. ಜೊತೆಗೆ ಏನೂ ಹಾಕದ ಒಂದು ಪಟ್ಟೆ. ಈ ಖಾಲಿ ಪಟ್ಟೆಯನ್ನು ಬಿಡಬೇಡಿ. ಮಣ್ಣು ತಾನಾಗಿಯೇ ಎಷ್ಟು ಕೊಡುತ್ತದೆ ಅಂತ ಗೊತ್ತಾಗದಿದ್ದರೆ, ಮಣ್ಣಿನ ಪುಣ್ಯವೆಲ್ಲ ಗೊಬ್ಬರದ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಮೊದಲ ಹಂಗಾಮಿನ ಹೋಲಿಕೆ ಅರ್ಧ ದಂಡ. ಎಲ್ಲ ಪಟ್ಟೆಗೂ ಒಂದೇ ತೂಕ ಹಾಕಿದ್ದೆ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಹೆಚ್ಚುಕಮ್ಮಿ 5 ಕಿಲೋ ಸಾರಜನಕ ಇರುತ್ತದೆ. ನೀರು ಸೇರಿಸಿದ ಸ್ಲರಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಎರಡನೇ ಸಲ ಮಾದರಿ ಪರೀಕ್ಷೆ ಮಾಡಿಸಿ, ಸಾರಜನಕದ ಲೆಕ್ಕದಲ್ಲಿ ಸಮ ಮಾಡಿಕೊಂಡೆ. ಮುಂದೆ ಹೇಳುವುದು ಜಾಸ್ತಿ ಆ ಎರಡನೇ ಸಲದ್ದು.

ಹರಡಿ ಬಿಟ್ಟ ಪಟ್ಟೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಬಿಸಿಲು, ಗಾಳಿ ಎರಡೂ ಇದ್ದ ದಿನ ಹರಡಿದ್ದೆ. ಖಾಲಿ ಪಟ್ಟೆಗಿಂತ ಸ್ವಲ್ಪ ಹಸಿರು, ಅಷ್ಟೇ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಎರಡನೇ ಪಟ್ಟೆ ನನಗೆ ಪಾಠ ಕಲಿಸಿದ್ದು ಒಂದು ಎಡವಟ್ಟಿನಿಂದ. ಉಳಲು ಒಪ್ಪಿಕೊಂಡಿದ್ದವನು ಹೇಳಿದ ಹೊತ್ತಿಗೆ ಬರಲೇ ಇಲ್ಲ. ಅಷ್ಟರಲ್ಲಿ ಗೊಬ್ಬರ ಹರಡಿ ಆಗಿತ್ತು. ಕಾದು ಕಾದು ಸಾಕಾಗಿ, ನಾನೇ ಗುದ್ದಲಿ ಹಿಡಿದು ಅರ್ಧ ಪಟ್ಟೆ ಮುಚ್ಚಿದೆ. ಉಳಿದರ್ಧ ಮರುದಿನ ಮಧ್ಯಾಹ್ನ ಉಳುಮೆ ಕಂಡಿತು. ಪೈರು ಮೊಣಕಾಲೆತ್ತರ ಬಂದಾಗ ಆ ಪಟ್ಟೆಯ ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಈಚೆ ಕಡೆ ಕಡುಹಸಿರು. ಆಚೆ ಕಡೆ ಕೆಳಗಿನ ಎಲೆಗಳ ತುದಿಯಿಂದ ನಡುದಂಟಿನ ಗುಂಟ ಹಳದಿ ಒಳಗೆ ನುಗ್ಗಿತ್ತು, ಅಂಚು ಮಾತ್ರ ಇನ್ನೂ ಹಸಿರು. ಮೆಕ್ಕೆಜೋಳಕ್ಕೆ ಸಾರಜನಕ ಸಾಲದಿದ್ದಾಗ ಬರುವ ಗುರುತು ಇದೇ. ಬೀಜ ಒಂದೇ, ಗೊಬ್ಬರ ಒಂದೇ. ವ್ಯತ್ಯಾಸ ಒಂದು ರಾತ್ರಿ, ಅರ್ಧ ಹಗಲು.

ಯಾಕೆ ಹೀಗೆ? ಗಂಜಲದ ಯೂರಿಯಾ ಸಗಣಿಯ ಕಿಣ್ವಕ್ಕೆ ಸಿಕ್ಕರೆ ಒಂದೆರಡು ದಿನದಲ್ಲೇ ಒಡೆದು ಅಮೋನಿಯಂ ಆಗುತ್ತದೆ. ಮಣ್ಣಿನ ಕಣಕ್ಕೆ ಅಂಟಿಕೊಂಡರೆ ಅದು ಉಳಿಯಿತು. ಮೇಲೆಯೇ ಬಿದ್ದಿದ್ದರೆ ಅಮೋನಿಯಾ ಅನಿಲವಾಗಿ ಹಾರಿತು. ಹಾರುವುದರಲ್ಲಿ ಹೆಚ್ಚಿನ ಪಾಲು ಮೊದಲ 24 ಗಂಟೆಯಲ್ಲೇ, ಅದರಲ್ಲೂ ಮೊದಲ ಕೆಲವು ಗಂಟೆಯಲ್ಲೇ ಹೋಗಿಬಿಡುತ್ತದೆ. ‘ನಾಳೆ ಉಳೋಣ ಬಿಡು’ ಅಂದರೆ ಉಳಿದಿರುವುದನ್ನು ಮುಚ್ಚಿದ ಹಾಗೆ, ಅಲ್ವಾ?

ಇದೇ ಪಟ್ಟೆಯಲ್ಲಿ ಮೊದಲ ಹಂಗಾಮು ಇನ್ನೊಂದು ತಪ್ಪು ಮಾಡಿದ್ದೆ. ದನಗಳ ಕಾಲಡಿಯ ಒಣಹುಲ್ಲನ್ನೂ ಬಾಚಿ ಸೇರಿಸಿದ್ದೆ. ಹುಲ್ಲಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಮ್ಮಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಕಿತ್ತುಕೊಂಡವು. ಗೊಬ್ಬರ ಹಾಕಿಯೂ ಮೊಳಕೆ ಬಿಳಿಚಿಕೊಂಡಾಗ ಬೀಜದ ಮೇಲೆ ಸುಮ್ನೆ ಅನುಮಾನ ಪಟ್ಟೆ.

ಕಾಂಪೋಸ್ಟ್ ವಿಷಯದಲ್ಲಿ ನನಗೆ ಇನ್ನೂ ಎರಡು ಮನಸ್ಸು. ರಾಶಿ ಬಿಸಿಯಾಗಿ ಕೊಳೆಯುವಾಗಲೇ ಸಾರಜನಕದ ಒಂದು ದೊಡ್ಡ ಪಾಲು ಹಾರಿಹೋಗುತ್ತದೆ. ತಿರುವಿ ಹಾಕುವಾಗ ಕಣ್ಣು ಉರಿದರೆ ಅದೇ ಸಾಕ್ಷಿ. ಉಳಿದದ್ದು ಜೀವಾಂಶದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ, ನಿಧಾನಕ್ಕೆ ಬಿಡುತ್ತದೆ. ಮೊದಲ ತಿಂಗಳು ಈ ಪಟ್ಟೆ ಸಪ್ಪೆ. ಆದರೆ ಕಾಳು ಕಟ್ಟುವ ಹೊತ್ತಿಗೂ ಎಲೆ ಒಣಗದೆ ನಿಂತಿತ್ತು. ಕಳೆಬೀಜವೂ ಬಿಸಿಗೆ ಸತ್ತಿತ್ತು, ಅದೊಂದು ದೊಡ್ಡ ಸುಖ. ಒಂದೇ ಬೆಳೆಯ ಲೆಕ್ಕದಲ್ಲಿ ಕಾಂಪೋಸ್ಟ್ ಸೋಲುತ್ತದೆ, ಒಪ್ಪುತ್ತೇನೆ. ಆ ಲೆಕ್ಕವೇ ಅದಕ್ಕೆ ನ್ಯಾಯವಲ್ಲ ಅನ್ನುವುದೂ ನಿಜ.

ಇನ್ನು ಸ್ಲರಿ. ಗೆದ್ದದ್ದು ಇದೇ, ಸೊಂಟ ಮುರಿದದ್ದೂ ಇದೇ. ದನದ ಸ್ಲರಿಯ ಸಾರಜನಕದಲ್ಲಿ ಹೆಚ್ಚುಕಮ್ಮಿ ಅರ್ಧ ಅಮೋನಿಯಂ ರೂಪದಲ್ಲೇ ಇರುತ್ತದೆ. ಬೇರಿಗೆ ಬೇಗ ಸಿಗುತ್ತದೆ, ಹಾಗೆಯೇ ಬೇಗ ಕಳೆದೂ ಹೋಗುತ್ತದೆ. ಮೊದಲ ಹಂಗಾಮು ಅದನ್ನು ಬಿತ್ತನೆಗೆ ಮೂರು ವಾರ ಮುಂಚೆಯೇ ಹಾಕಿ ಕೆಟ್ಟೆ. ಅಷ್ಟರಲ್ಲಿ ಅಮೋನಿಯಂ ಮಣ್ಣಲ್ಲಿ ನೈಟ್ರೇಟ್ ಆಗಿರುತ್ತದೆ, ಜೋರು ಮಳೆ ಹೊಡೆದರೆ ಬಸಿದು ಬೇರಿನ ಕೆಳಗೆ ಇಳಿಯುತ್ತದೆ. ಮಳೆ ಹೊಡೆಯಿತು, ಬೇರೇ ಇರಲಿಲ್ಲ. ಎರಡನೇ ಸಲ ಅರ್ಧ ಭಾಗ ಬಿತ್ತನೆಗೆ, ಇನ್ನರ್ಧ ಪೈರು ಮೊಣಕಾಲೆತ್ತರ ಇದ್ದಾಗ ಕೊಟ್ಟೆ. ಅಲ್ಲಿಂದ ಹೂವಿನ ತನಕ ಮೆಕ್ಕೆಜೋಳ ಸಾರಜನಕವನ್ನು ಗಬಗಬ ತಿನ್ನುತ್ತದೆ.

ಸುರಿಯುವ ರೀತಿಯೂ ಮುಖ್ಯ. ಗಟ್ಟಿ ಸ್ಲರಿ ಮಣ್ಣಿನ ಮೇಲೆ ಅಂಬಲಿಯ ಕೆನೆ ಹಾಗೆ ಕೂತು ಹಾರಲು ಶುರುವಾಗುತ್ತದೆ. ಸಮ ನೀರು ಬೆರೆಸಿದ್ದು ನೋಡನೋಡುತ್ತಲೇ ಇಂಗಿತು. ಬುಡದಿಂದ ಒಂದು ಗೇಣು ದೂರ ಆಳವಿಲ್ಲದ ಸಾಲು ತೆಗೆದು, ಸುರಿದು, ಕಾಲಿನಿಂದಲೇ ಮಣ್ಣು ಎಳೆದೆ. ಮೂಗು ಬಗ್ಗಿಸಿದರೂ ವಾಸನೆ ಇಲ್ಲ! ಬಯೋಗ್ಯಾಸ್‌ನ ಬಗ್ಗಡ ಬಳಸುವವರಿಗೆ ಒಂದು ಮಾತು: ಅದರಲ್ಲಿ ಅಮೋನಿಯಂ ಪಾಲು ಇನ್ನೂ ಜಾಸ್ತಿ, ಕ್ಷಾರವೂ ಜಾಸ್ತಿ. ಮೇಲೆ ಚೆಲ್ಲಿದರೆ ಹಸಿ ಸಗಣಿಗಿಂತ ಬೇಗ ಖಾಲಿಯಾಗುತ್ತದೆ.

ತೆನೆ ತೂಗಿದಾಗ ಸ್ಲರಿ ಮೊದಲು, ಗುದ್ದಲಿಯಲ್ಲಿ ತಕ್ಷಣ ಮುಚ್ಚಿದ ಅರ್ಧ ಪಟ್ಟೆ ಅದರ ಬೆನ್ನಿಗೇ. ಆಮೇಲೆ ಕಾಂಪೋಸ್ಟ್, ಅದರ ಹಿಂದೆ ಮರುದಿನ ಉತ್ತ ಅರ್ಧ, ಕಡೆಗೆ ಹರಡಿ ಬಿಟ್ಟದ್ದು. ಮುಂದಿನ ಬೆಳೆಗೆ ಯಾವ ಪಟ್ಟೆಗೂ ಏನೂ ಹಾಕಲಿಲ್ಲ. ಆಗ ಸ್ಲರಿ ಪಟ್ಟೆ ಖಾಲಿ ಪಟ್ಟೆಯ ಪಕ್ಕಕ್ಕೆ ಬಂತು, ಕಾಂಪೋಸ್ಟ್ ಪಟ್ಟೆ ಮುಂದೆ ನಿಂತಿತು.

ಹೊತ್ತು ಸುರಿಯಲು ಜನ ಇರುವ ಸಣ್ಣ ಜಾಗಕ್ಕೆ ನಾನು ಸ್ಲರಿಯನ್ನೇ ಆರಿಸುತ್ತೇನೆ. ದೊಡ್ಡ ಹೊಲಕ್ಕೆ ಹರಡಿ ಮುಚ್ಚುವುದೇ ವಾಸಿ. ಆದರೆ ಇನ್ನು ಮುಂದೆ ಉಳುವವನು ಹೊಲದ ಬದುವಿಗೆ ಬಂದು ನಿಂತ ಮೇಲೆಯೇ ಮೊದಲ ಬುಟ್ಟಿ ಬಗ್ಗಿಸುವುದು, ಅದೂ ಗಾಳಿ ಇಲ್ಲದ ಸಂಜೆ.