ಪಂಪಿಗೆ ವೋಲ್ಟೇಜ್ ಸಾಲುತ್ತಿಲ್ಲವಾ? ಈ ಮೀಟರ್ ಹಾಕಿ ನೋಡಿ

ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಒಂದನ್ನು ಕಾಸರಗೋಡು ಪೇಟೆಯಿಂದ ತಂದೆ. 16 ಆಂಪಿಯರಿನ ದೊಡ್ಡ ಪಿನ್ನಿನದು, ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಸಾಕೆಟ್ಟಿಗೆ ಇದನ್ನು ಹಾಕಿ, ಇದಕ್ಕೆ ನಮ್ಮ ಪ್ಲಗ್ ಹಾಕಿದರೆ ವೋಲ್ಟೇಜ್, ಆಂಪಿಯರ್, ವ್ಯಾಟ್, ಪವರ್ ಫ್ಯಾಕ್ಟರ್ (ವೋಲ್ಟ್, ಆಂಪಿಯರ್ ಗುಣಿಸಿ ಬಂದದ್ದರಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು), ಓಡಿದ ಯೂನಿಟ್ ಎಲ್ಲ ತೋರಿಸುತ್ತದೆ. ಅಡಿಕೆ ತೋಟಕ್ಕೆ ಸಿಂಗಲ್ ಫೇಸ್ ಪಂಪ್ ಇಟ್ಟುಕೊಂಡವರೆಲ್ಲ ತೆಗೆದುಕೊಳ್ಳಬೇಕಾದ ಸಾಮಾನು ಇದು.

ಬದಿಯಡ್ಕ ಕಡೆಯವರಿಗೆ ಗೊತ್ತಿರುತ್ತದೆ, ಜನವರಿ ಕಳೆದ ಮೇಲೆ ಸಂಜೆ ಹೊತ್ತು ಸ್ಪ್ರಿಂಕ್ಲರ್ ಸರಿಯಾಗಿ ತಿರುಗುವುದಿಲ್ಲ. ಯಾರನ್ನು ಕೇಳಿದರೂ "ವೋಲ್ಟೇಜ್ ಇಲ್ಲ" ಅಂತ ಒಂದೇ ಮಾತು. ಸರಿ, ಆದರೆ ಅದು ಕಡಿಮೆಯಾಗುವುದು ಎಲ್ಲಿ? ಕಂಬದಿಂದ ಬರುವಾಗಲೇ ಕಡಿಮೆಯಾ, ಅಥವಾ ಮನೆಯಿಂದ ಪಂಪ್ ಶೆಡ್ಡಿನವರೆಗೆ ನಾವೇ ಎಳೆದ ವಯರಿನಲ್ಲಿ ಹೋಗುತ್ತದಾ? ನನಗೆ ಬೇಕಾಗಿದ್ದದ್ದು ಇದರ ಉತ್ತರ.

ವಯರ್ ಕರೆಂಟನ್ನು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ ಓಂ. ಮೀಟರ್ ಓಂ ತೋರಿಸುವುದಿಲ್ಲ, ಅದನ್ನು ನಾವೇ ಲೆಕ್ಕ ಹಾಕಬೇಕು. ಹೈಸ್ಕೂಲಿನಲ್ಲಿ ಕಲಿತದ್ದೇ: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಂ, ಗುಣಿಸಿದರೆ ವ್ಯಾಟ್. ಮೊದಲು ನೀರು ಕಾಯಿಸುವ 1500 ವ್ಯಾಟಿನ ರಾಡ್ ಹಾಕಿ ನೋಡಿದೆ. 216 ವೋಲ್ಟ್, 6.1 ಆಂಪಿಯರ್. ಭಾಗಿಸಿದರೆ 35 ಓಂ ಚಿಲ್ಲರೆ, ಗುಣಿಸಿದರೆ ಸುಮಾರು 1318 ವ್ಯಾಟ್, ಮೀಟರ್ ತೋರಿಸಿದ್ದೂ ಹೆಚ್ಚು ಕಮ್ಮಿ ಅಷ್ಟೇ. ಅಂದರೆ ರಾಡಿನ ಮೇಲೆ ಬರೆದ 1500 ಬರುವುದು 230 ವೋಲ್ಟ್ ಇದ್ದರೆ ಮಾತ್ರ. 190ಕ್ಕೆ ಇಳಿದರೆ ಅದೇ ರಾಡ್ ಸಾವಿರದ ಇಪ್ಪತ್ತರ ಹತ್ತಿರ ಬಂದು ನಿಲ್ಲುತ್ತದೆ. ವೋಲ್ಟೇಜ್ ಐದರಲ್ಲಿ ಒಂದು ಪಾಲೂ ಕಡಿಮೆಯಾಗಿಲ್ಲ, ಆದರೆ ಶಾಖ ಮೂರರಲ್ಲಿ ಒಂದು ಪಾಲು ಹೋಯಿತು! ವೋಲ್ಟೇಜ್ ಇಳಿದಾಗ ಆಂಪಿಯರೂ ಜೊತೆಗೇ ಇಳಿಯುತ್ತದೆ, ಎರಡೂ ಇಳಿದದ್ದನ್ನು ಗುಣಿಸುವುದಲ್ವಾ, ಅದಕ್ಕೆ.

ಪಂಪಿಗೆ ಹಾಕಿದಾಗ ಲೆಕ್ಕ ಬೇರೆ. 205 ವೋಲ್ಟ್, 7.2 ಆಂಪಿಯರ್, ಗುಣಿಸಿದರೆ 1476. ಮೀಟರ್ ತೋರಿಸುವುದು 1150 ವ್ಯಾಟ್. ಮೀಟರ್ ಹಾಳು ಅಂತ ಅಂಗಡಿಗೆ ವಾಪಸು ಕೊಡಬೇಡಿ, ಅದು ಹೇಳುತ್ತಿರುವುದೇ ಸರಿ. ಮೋಟಾರಿನೊಳಗೆ ಇರುವುದು ಕಾಯಿಲ್, ಅಲ್ಲಿ ಪವರ್ ಫ್ಯಾಕ್ಟರನ್ನೂ ಸೇರಿಸಿ ಗುಣಿಸಬೇಕು. ನನ್ನ ಒಂದು ಎಚ್‌ಪಿ ಪಂಪಿಗೆ ಅದು 0.78. ಒಂದು ಎಚ್‌ಪಿ ಅಂದರೆ 746 ವ್ಯಾಟ್ ತಾನೇ, ಮತ್ತೆ 1150 ಯಾಕೆ ಅಂತ ಕೇಳಬಹುದು. 746 ಮೋಟಾರಿನ ಶಾಫ್ಟಿನಲ್ಲಿ ಸಿಗುವ ಕೆಲಸ, ಉಳಿದದ್ದು ಮೋಟಾರ್ ಬಿಸಿಯಾಗುವುದಕ್ಕೆ ಹೋಗುತ್ತದೆ. ಇನ್ನು ಮೋಟಾರಿನ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ, ಬಂದದ್ದು ಕಾಯಿಲಿನ ಓಂ ಅಂತ ತಿಳಿಯಬಾರದು. ಮಲ್ಟಿಮೀಟರಿನಲ್ಲಿ ನೋಡಿದರೆ ಕಾಯಿಲ್ ಅದಕ್ಕಿಂತ ತುಂಬ ಕಡಿಮೆ ತೋರಿಸುತ್ತದೆ.

ಅದಕ್ಕೇ ವಯರ್ ಪರೀಕ್ಷೆಗೆ ಪಂಪ್ ಬೇಡ, ರಾಡೇ ಒಳ್ಳೆಯದು. ನಾನು ಮಾಡಿದ್ದು ಹೀಗೆ. ಮನೆಯ ಸಾಕೆಟ್ಟಿನಲ್ಲಿ ಖಾಲಿ ಇದ್ದಾಗ 218 ವೋಲ್ಟ್, ರಾಡ್ ಹಾಕಿದಾಗ 216. ಇಳಿದ 2 ವೋಲ್ಟನ್ನು 6.1ರಿಂದ ಭಾಗಿಸಿದರೆ 0.33 ಓಂ, ಇದು ಕಂಬದ ಕಡೆಯದ್ದು. ಕೂಡಲೇ ಬಕೆಟ್ಟು, ರಾಡು, ಮೀಟರು ಎಲ್ಲ ಪಂಪ್ ಶೆಡ್ಡಿಗೆ ಒಯ್ದೆ. ಅಲ್ಲಿ ಖಾಲಿ ಇದ್ದಾಗ ಅದೇ 218, ರಾಡ್ ಹಾಕಿದೊಡನೆ 205, ಆಂಪಿಯರ್ 5.8. ಇಳಿದದ್ದು 13 ವೋಲ್ಟ್, ಭಾಗಿಸಿದರೆ 2.24 ಓಂ. ಕಂಬದ ಕಡೆಯ 0.33 ಕಳೆದರೆ ನಮ್ಮ ವಯರಿನದ್ದು 1.9. ಶೆಡ್ಡಿಗೆ 80 ಮೀಟರ್, ಹೋಗಿ ಬರುವ ಎರಡು ಎಳೆ ಸೇರಿ 160. ತಾಮ್ರದ 1.5 ಸ್ಕ್ವೇರ್ ಎಂಎಂ ವಯರಿಗೆ ಕಿಲೋಮೀಟರಿಗೆ 12.1 ಓಂ, 160 ಮೀಟರಿಗೆ 1.94. ಎಷ್ಟು ಚಂದ ಹೊಂದಿತು ನೋಡಿ! ಜಾಯಿಂಟ್‌ಗಳೆಲ್ಲ ಸರಿ ಇವೆ, ವಯರೇ ಸಪೂರ ಅಂತ ಗೊತ್ತಾಯಿತು. ಅದು ಅರ್ಧ ಎಚ್‌ಪಿ ಪಂಪ್ ಇದ್ದ ಕಾಲದಲ್ಲಿ ಎಳೆದದ್ದು.

ಪಂಪ್ ಎಳೆಯುವ 7.2ನ್ನು 7.2ರಿಂದಲೇ ಗುಣಿಸಿ, ಮತ್ತೆ 1.9ರಿಂದ ಗುಣಿಸಿದರೆ ಸುಮಾರು 98 ವ್ಯಾಟ್. ಪಂಪ್ ಓಡುವಷ್ಟು ಹೊತ್ತೂ ಇಷ್ಟು ಕರೆಂಟು ಸುಮ್ನೆ ವಯರ್ ಬಿಸಿ ಮಾಡಲು ಹೋಗುತ್ತಿತ್ತು, ಅದಕ್ಕೂ ನಾವೇ ದುಡ್ಡು ಕೊಡಬೇಕು. ಈಗ 4 ಸ್ಕ್ವೇರ್ ಎಂಎಂ ಎಳೆಸಿದ್ದೇನೆ. ಅದಕ್ಕೆ ಕಿಲೋಮೀಟರಿಗೆ 4.61 ಓಂ, ನಷ್ಟ 38 ವ್ಯಾಟಿನ ಹತ್ತಿರಕ್ಕೆ ಇಳಿಯುತ್ತದೆ. ಸಂಜೆಯ ವೋಲ್ಟೇಜ್ ಪೂರ್ತಿ ಸರಿಯಾಗಲಿಲ್ಲ, ಕಂಬದಿಂದಲೇ 218 ಬಂದರೆ ವಯರ್ ಏನು ಮಾಡೀತು? ಆದರೆ ನಮ್ಮ ಕೈಯಲ್ಲಿದ್ದದ್ದು ಸರಿಯಾಯಿತು.

ಈ ಪರೀಕ್ಷೆ ಮಾಡುವವರು ಜಾಗ್ರತೆ. ರಾಡ್ ನೀರಿನಲ್ಲಿ ಮುಳುಗಿರುವಾಗ ಮಾತ್ರ ಸ್ವಿಚ್ ಹಾಕಿ, ಆಫ್ ಮಾಡಿ ಪ್ಲಗ್ ತೆಗೆಯದೆ ಬಕೆಟ್ ಮುಟ್ಟಬೇಡಿ. ಒದ್ದೆ ನೆಲದ ಮೇಲೆ ನಿಂತು ಇದನ್ನೆಲ್ಲ ಮಾಡಲೇಬೇಡಿ.

ಮೀಟರಿನ ಕೊರತೆಗಳೂ ಇವೆ. ಪರದೆಗೆ ಬೆಳಕಿಲ್ಲ, ಶೆಡ್ಡಿನಲ್ಲಿ ಟಾರ್ಚ್ ಬೇಕು. ಮೊಬೈಲ್ ಚಾರ್ಜರ್ ಬರೀ ಚುಚ್ಚಿಟ್ಟರೆ ಸೊನ್ನೆ ತೋರಿಸುತ್ತದೆ, ಸಣ್ಣ ಲೋಡ್ ಇದಕ್ಕೆ ಸಿಗುವುದಿಲ್ಲ. ಜೊತೆಗೆ ಕೊಟ್ಟ ಕಾಗದದ ಅಕ್ಷರ ತೀರಾ ಸಣ್ಣದು. ಪ್ಲಗ್ ಇಲ್ಲದೆ ನೇರ ಸ್ಟಾರ್ಟರಿಗೆ ವಯರ್ ಕೊಟ್ಟ ಪಂಪಿಗೂ ಮೂರು ಫೇಸ್ ಮೋಟಾರಿಗೂ ಇದು ಆಗುವುದಿಲ್ಲ, ಅಂಥವರು ವಯರಿನ ಸುತ್ತ ಕಚ್ಚಿಸಿ ಆಂಪಿಯರ್ ನೋಡುವ ಕ್ಲಾಂಪ್ ಮೀಟರ್ ನೋಡಲಿ.