ಬೇಸ್‌ಮೆಂಟಿನ ರೀಲೋಡಿಂಗ್ ಮೇಜು ಮತ್ತು ಮಾತು ಕೇಳದ ಡಿಜಿಟಲ್ ತಕ್ಕಡಿ

ಹಾರಿಸಿದ ಬಂದೂಕಿನ ತೋಟಾದ ಖಾಲಿ ಹಿತ್ತಾಳೆ ಕೇಸಿಗೆ ಮತ್ತೆ ಸಿಡಿಮದ್ದು, ಬುಲೆಟ್ ತುಂಬುವುದೇ ರೀಲೋಡಿಂಗ್. ಹೀಗೆ ತೋಟಾ ತುಂಬುವ ಕೋಣೆ ಮಾಡಿಕೊಳ್ಳುವವರು ಮೊದಲು ಕೇಳುವುದು ಯಾವ ಪ್ರೆಸ್ (ಬುಲೆಟ್ಟನ್ನು ಕೇಸಿಗೆ ಒತ್ತಿ ಕೂರಿಸುವ ಯಂತ್ರ) ಒಳ್ಳೆಯದು ಅಂತ. ನನ್ನ ಪ್ರೆಸ್ ಬಗ್ಗೆ ಹೇಳೋಕೆ ಏನೂ ಇಲ್ಲ. ಎರಕದ ಕಬ್ಬಿಣದ ಮೈ, ಒಂದು ಹಿಡಿ, ಆಗೀಗ ಒಂದು ತೊಟ್ಟು ಎಣ್ಣೆ. ಕೆಡೋಕೆ ಅದರಲ್ಲಿ ಏನಿದೆ? ನನ್ನ ತಲೆ ತಿಂದಿದ್ದು ಅದರ ಪಕ್ಕದಲ್ಲಿ ಕೂತಿರುವ, ಮದ್ದು ತೂಗುವ ಪುಟ್ಟ ಡಿಜಿಟಲ್ ತಕ್ಕಡಿ. ಈ ವಿಮರ್ಶೆ ಅದರದ್ದೇ.

ಮೊದಲೇ ಒಂದು ಮಾತು. ಇದು ಎಲ್ಲ ಕಡೆ ಸಲ್ಲುವ ಹವ್ಯಾಸ ಅಲ್ಲ. ಅಮೆರಿಕದಲ್ಲಿ ಎಷ್ಟೋ ಜನ ಮನೆಯಲ್ಲೇ ಮಾಡುತ್ತಾರೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ನೀವಿರುವ ಕಡೆಯ ಕಾನೂನು ನೋಡಿಕೊಂಡೇ ಮುಂದಿನದು.

ಮದ್ದಿನ ತೂಕವೆಲ್ಲ ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಈ ತಕ್ಕಡಿ 0.1 ಗ್ರೇನ್‌ವರೆಗೆ ತೋರಿಸುತ್ತದೆ. ಅಂದರೆ ಸುಮಾರು 6.5 ಮಿಲಿಗ್ರಾಂ. ಉಳಿದ ವಿವರ ಡಬ್ಬಿಯ ಮೇಲೇ ಇದೆ, ಓದಿರುತ್ತೀರಿ.

ನಾನು ತುಂಬುವುದು ರೈಫಲ್ ತೋಟಾ, ಅದೂ ಸ್ವಲ್ಪ ಸ್ವಲ್ಪ. ಆತುರ ಇಲ್ಲ. ಸಂಜೆ ಕೆಳಗೆ ಇಳಿದ ಕೂಡಲೇ ಮಾಡುವ ಮೊದಲ ಕೆಲಸ ತಕ್ಕಡಿಯ ಸ್ವಿಚ್ ಒತ್ತುವುದು. ಅರ್ಧ ಗಂಟೆ ಅದನ್ನು ಸುಮ್ನೆ ಬಿಡುತ್ತೇನೆ. ಒಳಗೆ ತೂಕ ಗ್ರಹಿಸುವ ಲೋಡ್ ಸೆಲ್‌ಗೆ ಬಿಸಿ ಏರುಪೇರಾದರೆ ತೋರಿಸುವ ಅಂಕಿಯೂ ಏರುಪೇರು. ಅಷ್ಟರಲ್ಲಿ ಹಿತ್ತಾಳೆ ಕೇಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಕುತ್ತಿಗೆ ಬಿರುಕು ಬಿಟ್ಟಿದೆಯಾ ನೋಡುತ್ತೇನೆ. ಬೆರಳ ನಡುವೆ ತಿರುಗಿಸುವಾಗ ಆ ತಣ್ಣನೆ ನುಣುಪು ಇದೆಯಲ್ಲ, ಅದಕ್ಕೇ ನಾನು ಕೆಳಗೆ ಇಳಿಯುವುದು ಅಂದರೂ ತಪ್ಪಿಲ್ಲ.

ಆಮೇಲೆ ತಟ್ಟೆ ಇಟ್ಟು ಸೊನ್ನೆ ಮಾಡಿ, ತಟ್ಟೆ ಎತ್ತುತ್ತೇನೆ. ಆಗ ಪರದೆಯ ಮೇಲೆ ಮೈನಸ್ ಅಂಕಿಯೊಂದು ಬರುತ್ತದೆ. ಅದು ತಟ್ಟೆಯದೇ ತೂಕ. ಅದನ್ನು ಒಂದು ಚೂರು ಕಾಗದದ ಟೇಪಿನ ಮೇಲೆ ಬರೆದು ಮೇಜಿಗೆ ಅಂಟಿಸಿದ್ದೇನೆ. ಪ್ರತಿ ಸಲ ತಟ್ಟೆ ಎತ್ತಿದಾಗಲೂ ಕಣ್ಣು ಅತ್ತ ಹೋಗುತ್ತದೆ. ಅಂಕಿ ಬದಲಾಗಿದ್ದರೆ ಸೊನ್ನೆ ಜಾರಿದೆ ಅಂತ ಅರ್ಥ. ದುಡ್ಡು ಖರ್ಚಿಲ್ಲದ ಪರೀಕ್ಷೆ ಇದು. ಕೈಪಿಡಿಯಲ್ಲಿ ಇದರ ಸುದ್ದಿಯೇ ಇಲ್ಲ.

ಈಗ ದೂರು. ಮದ್ದಿನ ಕೊನೆಯ ಒಂದೆರಡು ಹತ್ತನೇ ಗ್ರೇನನ್ನು ಟ್ರಿಕ್ಲರ್ ಎಂಬ ಪುಟ್ಟ ಉಪಕರಣ ತಿರುಗಿಸಿ ಕಾಳು ಕಾಳಾಗಿ ತಟ್ಟೆಗೆ ಉದುರಿಸುತ್ತೇವೆ. ಕಾಳು ಬೀಳುವುದು ಕಣ್ಣಿಗೆ ಕಾಣುತ್ತದೆ. ಪರದೆಯ ಅಂಕಿ ಮಾತ್ರ ಅಲುಗುವುದಿಲ್ಲ. ಇನ್ನೊಂದು ಕಾಳು, ಮತ್ತೊಂದು, ಆಗಲೂ ಅದೇ ಅಂಕಿ. ತಟ್ಟೆ ಎತ್ತಿ ಮತ್ತೆ ಇಟ್ಟರೆ ಒಮ್ಮೆಲೇ 0.2, 0.3 ಜಾಸ್ತಿ! ತಕ್ಕಡಿ ಕೆಟ್ಟಿಲ್ಲ. ಅದನ್ನು ಮಾಡಿರುವುದೇ ಹಾಗೆ. ಅಂಕಿ ಕುಣಿಯದೆ ನಿಲ್ಲಲಿ ಅಂತ ಒಳಗೊಂದು ಫಿಲ್ಟರ್ ಇಟ್ಟಿರುತ್ತಾರೆ. ಸೊನ್ನೆಯ ಹತ್ತಿರವಂತೂ ತಾನಾಗಿ ಸೊನ್ನೆಗೆ ಎಳೆದುಕೊಳ್ಳುವ ಏರ್ಪಾಡೂ ಇರುತ್ತದೆ. ನಿಧಾನವಾಗಿ ಏರುವ ತೂಕವನ್ನು ಅದು ತನ್ನದೇ ಜಾರಿಕೆ ಅಂದುಕೊಂಡು ನುಂಗಿಬಿಡುತ್ತದೆ. ಸಾಲ ತೀರಿಸಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳದ ಸಾಹುಕಾರನ ಹಾಗೆ.

ತಪ್ಪಿದರೂ ಒಳ್ಳೆಯ ಕಡೆಗೆ ತಪ್ಪಿದರೆ ಸಹಿಸಬಹುದಿತ್ತು. ಇಲ್ಲಿ ಪರದೆಯ ಅಂಕಿ ಕಡಿಮೆ, ಮದ್ದು ಜಾಸ್ತಿ. ಗರಿಷ್ಠ ಮಿತಿಯ ಹತ್ತಿರ ತುಂಬುವವರಿಗೆ ಇದು ಆಟದ ಮಾತಲ್ಲ. ಮದ್ದು ಹೆಚ್ಚಾದ ಹಾಗೆ ಬಂದೂಕಿನೊಳಗಿನ ಒತ್ತಡ ಒಂದೇ ಸಮ ಏರುವುದಿಲ್ಲ, ತುದಿಗೆ ಬಂದ ಮೇಲೆ ಸರ್ರನೆ ಏರುತ್ತದೆ. ಕಂಪನಿಗೆ ಬರೆದು ಕೇಳಿದೆ. ಮತ್ತೆ ಕ್ಯಾಲಿಬ್ರೇಟ್ ಮಾಡಿ ನೋಡಿ ಅಂತ ಉತ್ತರ ಬಂತು. ನಾನು ಕೇಳಿದ್ದೇ ಒಂದು, ಅವರು ಹೇಳಿದ್ದೇ ಒಂದು. ಕ್ಯಾಲಿಬ್ರೇಟ್ ಮಾಡೋಕೆ ಅಂತ ತಕ್ಕಡಿಯ ಜೊತೆಗೆ ಕೊಟ್ಟ 50 ಗ್ರಾಂ ತೂಕದ ಬೊಟ್ಟು 770 ಗ್ರೇನ್‌ಗಿಂತ ಜಾಸ್ತಿ ತೂಗುತ್ತದೆ. ನಾನು ಮದ್ದು ತೂಗುವ ನಲವತ್ತು ಗ್ರೇನಿನ ಹತ್ತಿರ ಅಂಕಿ ಸರಿ ಇದೆಯಾ ಅಂತ ಅದರಿಂದ ಹೇಗೆ ಗೊತ್ತಾಗಬೇಕು? ನಾವು ತೂಗುವ ತೂಕದ ಆಸುಪಾಸಿನ ಸಣ್ಣ ಬೊಟ್ಟುಗಳನ್ನು ಬೇರೆಯೇ ಕೊಳ್ಳಬೇಕಾಯಿತು. ಅವನ್ನು ಚಿಮಟದಲ್ಲೇ ಎತ್ತಬೇಕು, ಬೆರಳಿನ ಜಿಡ್ಡು ಕೂಡದು.

ಕೋಪದಲ್ಲೇ ಒಂದು ಹಳೇ ಕಾಲದ ಬೀಮ್ ತಕ್ಕಡಿ ತಂದೆ. ಕರೆಂಟಿಲ್ಲ, ಫಿಲ್ಟರಿಲ್ಲ. ತೂಗಾಡುವ ದಂಡಿಗೆಯ ತುದಿಯ ತಗಡು ಆಯಸ್ಕಾಂತಗಳ ನಡುವೆ ಓಡಾಡಿ ಬೇಗ ನಿಲ್ಲುತ್ತದೆ. ಒಂದು ಕಾಳು ಬಿದ್ದರೆ ಮುಳ್ಳು ಅಲುಗುವುದು ಕಾಣುತ್ತದೆ. ಕಣ್ಣನ್ನು ಗೆರೆಯ ಸಮಕ್ಕೇ ತಂದು ಓದಬೇಕು, ಅದೊಂದು ಕತ್ತುನೋವು.

ಹಾಗಂತ ಡಿಜಿಟಲ್ ತಕ್ಕಡಿಯನ್ನು ಮೂಲೆಗೆ ತಳ್ಳಲಿಲ್ಲ. ಬೇಸ್‌ಮೆಂಟ್ ಅದಕ್ಕೆ ಒಗ್ಗಿದೆ. ಕಾಂಕ್ರೀಟ್ ನೆಲ, ಮೇಲಿನ ಕೋಣೆಗಳಷ್ಟು ಅದುರುವುದಿಲ್ಲ. ಬಿಸಿಯೂ ಹೆಚ್ಚು ಕಡಿಮೆ ಒಂದೇ ಸಮ. ಆದರೆ ಹೀಟರಿನ ಗಾಳಿ ಬರುವ ಕಿಂಡಿಯ ಕೆಳಗೆ ಇಡಬೇಡಿ, ಉಸಿರು ತಾಗಿದರೂ ಅಂಕಿ ಓಡುತ್ತದೆ. ವಾಷಿಂಗ್ ಮೆಷಿನ್ ಪಕ್ಕದಲ್ಲಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಮೊಬೈಲ್ ಮೇಜಿನಿಂದ ದೂರ ಇರಲಿ. ಒಣ ಹವೆಯಲ್ಲಿ ಪ್ಲಾಸ್ಟಿಕ್ ತಟ್ಟೆ ಸ್ಟ್ಯಾಟಿಕ್ ಹಿಡಿಯುತ್ತದೆ, ಲೋಹದ ತಟ್ಟೆಯೇ ವಾಸಿ. ಗ್ಯಾಸ್ ಉರಿ ಇರುವ ನೀರಿನ ಹೀಟರ್ ಅದೇ ಕೋಣೆಯಲ್ಲಿದ್ದರೆ ತಕ್ಕಡಿಯ ಯೋಚನೆ ಆಮೇಲೆ, ಮೊದಲು ಮದ್ದಿನ ಮೇಜನ್ನೇ ಬೇರೆ ಕಡೆ ಸಾಗಿಸಿ.

ಈಗ ಇಬ್ಬರಿಗೂ ಕೆಲಸ ಹಂಚಿದ್ದೇನೆ. ಡಿಜಿಟಲ್‌ನಲ್ಲಿ ಕೇಸು, ಬುಲೆಟ್ ತೂಗಿ ಬೇರೆ ಬೇರೆ ಮಾಡುತ್ತೇನೆ. ಆ ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ, ಇಟ್ಟ ಕೂಡಲೇ ಅಂಕಿ. ಮದ್ದಿಗೆ ಬೀಮ್. ಪಿಸ್ತೂಲಿನ ತೋಟಾ ರಾಶಿಗಟ್ಟಲೆ ತುಂಬುವವರು ಮದ್ದನ್ನು ಅಳತೆ ಡ್ರಮ್ಮಿನಿಂದ ಸುರಿದು ನಡುನಡುವೆ ತೂಗಿ ನೋಡುತ್ತಾರೆ. ಸುರಿದದ್ದನ್ನು ಒಮ್ಮೆಲೇ ಇಟ್ಟು ತೂಗುವ ಅವರಿಗೆ ಈ ಕಾಟ ಅಷ್ಟಾಗಿ ಇರುವುದಿಲ್ಲ. ಧೈರ್ಯವಾಗಿ ಕೊಳ್ಳಬಹುದು. ನನ್ನ ಹಾಗೆ ಕಾಳು ಎಣಿಸುವವರು ಮೊದಲು ಬೀಮ್ ತನ್ನಿ, ದುಡ್ಡು ಉಳಿದರೆ ಇದು.

ಐದಕ್ಕೆ ಮೂರು ನಕ್ಷತ್ರ. ಫಿಲ್ಟರ್ ಆಫ್ ಮಾಡೋಕೆ ಒಂದು ಬಟನ್ ಕೊಟ್ಟ ದಿನ ನಾಲ್ಕನೆಯದನ್ನೂ ಸೇರಿಸುತ್ತೇನೆ.